ಎಡಗಣ್ಣಿನ ಕಿಟಕಿ

"ಈ ಪಾಸ್‌ವರ್ಡೂ ತಪ್ಪಂತೆ ಮಾವ. ಮೂರಾಯ್ತು," ಎಂದಳು ನಾಗಲಕ್ಷ್ಮಿ. "ಇನ್ನೆಲ್ಡು ಸಲ ತಪ್ಪು ಒಡುದ್ರೆ ನಾಳೆ ಈ ಒತ್ತಿನಗಂಟ ಬಾಗ್ಲೇ ತೆಗೆಯಕಿಲ್ವಂತೆ."

ಶಾಂತಮಲ್ಲಪ್ಪನವರು ಕನ್ನಡಕ ಹಣೆಗೇರಿಸಿ ಪರದೆಯ ಮೇಲಿನ ಕೆಂಪು ಅಕ್ಷರಗಳನ್ನು ನೋಡಿದರು. ಮೂವತ್ತೊಂದು ವರ್ಷ ಚಾಮರಾಜನಗರದ ಠಾಣೆಯಲ್ಲಿ ರೈಟರ್ ಆಗಿ ಕಳ್ಳರ ಹೇಳಿಕೆ ಬರೆದುಕೊಂಡ ಜೀವ ಅದು. ಬೀಗ ಒಡೆದವರು, ಗೋಡೆ ಕೊರೆದವರು, ಹೆಂಚು ತೆಗೆದು ಇಳಿದವರು, ಎಲ್ಲರನ್ನೂ ಕಂಡಿದ್ದರು. ಮುಟ್ಟಲು ಬಾಗಿಲೇ ಇಲ್ಲದ ಮನೆಯ ಮುಂದೆ ಕೂತದ್ದು ಮಾತ್ರ ಇದೇ ಮೊದಲು.

ಅವರ ತೊಡೆಯ ಮೇಲೆ ಟವೆಲಿನಲ್ಲಿ ಸುತ್ತಿದ ಫೋಟೋ ಚೌಕಟ್ಟೊಂದಿತ್ತು. ಬೆಳಗ್ಗೆ ಹರದನಹಳ್ಳಿಯಲ್ಲಿ ಬಸ್ಸು ಹತ್ತಿದಾಗಿನಿಂದ ಗುಂಡ್ಲುಪೇಟೆಯ ನಾಗಲಕ್ಷ್ಮಿಯ ಈ ಸೈಬರ್ ಸೆಂಟರಿನವರೆಗೆ ಅದನ್ನು ಕೆಳಗಿಟ್ಟಿರಲಿಲ್ಲ. ಏನದು ಎಂದು ಅವಳು ಎರಡು ಸಲ ಕೇಳಿ, ಉತ್ತರ ಬಾರದೆ ಸುಮ್ಮನಾಗಿದ್ದಳು.

ಭೀಮನಬೀಡಿನ ಮರಿಮಲ್ಲಪ್ಪ ತೀರಿಕೊಂಡು ಐದು ತಿಂಗಳಾಗಿತ್ತು. ಅವರ ಒಬ್ಬಳೇ ಮಗಳು ಶಾಂತಮಲ್ಲಮ್ಮನನ್ನು ಹುಟ್ಟಿದ ಮನೆಯಿಂದಲೇ ಎಬ್ಬಿಸಲು, ಅವರ ತಮ್ಮನ ಮಗ ಬಸವಪ್ರಸಾದ್ ಒಂದು ಉಯಿಲನ್ನೂ ಒಂದು ಫೋಟೋವನ್ನೂ ಹಿಡಿದು ಕೋರ್ಟಿಗೆ ಹೋಗಿದ್ದ.

ಆ ಫೋಟೋ ಅಂಥಿಂಥದ್ದಲ್ಲ. ಮರಿಮಲ್ಲಪ್ಪ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ನೆಟ್ಟಗೆ ಕೂತಿದ್ದಾರೆ. ಕಣ್ಣು ನೇರ ಕ್ಯಾಮರಾದ ಕಡೆಗಿದೆ. ಬಲಗೈ ತೊಡೆಯ ಮೇಲಿದೆ. ಹರೆಯದಲ್ಲೇ ಆಲೆಮನೆಯ ಗಾಣಕ್ಕೆ ಸಿಕ್ಕಿ ಅರ್ಧ ಹೋಗಿದ್ದ ತೋರುಬೆರಳು ಎದ್ದು ಕಾಣುತ್ತದೆ. ಪಕ್ಕದಲ್ಲಿ ಬಸವಪ್ರಸಾದ್ ಕಾಗದ ಹಿಡಿದು ನಿಂತಿದ್ದಾನೆ. ದೊಡ್ಡಪ್ಪ ಸಾಯುವ ಮೂರು ದಿನ ಮುಂಚೆ, ಪೂರ್ತಿ ಎಚ್ಚರದಲ್ಲಿ, ಮನೆ ಹೊಲ ಎರಡನ್ನೂ ತನಗೆ ಬರೆದು ಹೆಬ್ಬೆಟ್ಟು ಒತ್ತಿಕೊಟ್ಟ ಗಳಿಗೆ ಅದು ಎಂಬುದು ಅವನ ವಾದ. ಶಾಂತಮಲ್ಲಮ್ಮ ಆ ವಾರವೆಲ್ಲ ಮೈಸೂರಿನ ಆಸ್ಪತ್ರೆಯಲ್ಲಿ ಮಗಳ ಬಾಣಂತನಕ್ಕೆ ಕೂತಿದ್ದಳು. "ನಮ್ಮಪ್ಪನ್ಗೆ ಕತ್ತು ನಿಲ್ಲಿಸಾಕೂ ತ್ರಾಣ ಇರ್ಲಿಲ್ಲ ಸಾ, ಅಂಗೆ ಕುಂತಿರಾಕೇ ಸಾಧ್ಯ ಇಲ್ಲ" ಎಂದು ಅವಳು ಮೊದಲ ದಿನದಿಂದ ಹೇಳುತ್ತಿದ್ದಳು. ಕೇಳುವವರಿಗೆ ಸಾಕ್ಷಿ ಬೇಕಿತ್ತು. ಅದನ್ನು ಹುಡುಕಿಕೊಡಿ ಎಂದು ಠಾಣೆಯಿಂದ ನಿವೃತ್ತರಾಗಿದ್ದ ಶಾಂತಮಲ್ಲಪ್ಪನವರನ್ನು ಕೇಳಿಕೊಂಡಿದ್ದಳು. ಗುರುವಾರ, ಗಣೇಶನ ಹಬ್ಬದ ಮಾರನೆಯ ದಿನ, ಕೋರ್ಟಿನಲ್ಲಿ ವಿಚಾರಣೆ.

ಫೋಟೋ ತೆಗೆದವನು ಇದೇ ಬೀದಿಯ ಗೌರಿ ಸ್ಟುಡಿಯೋದ ಶಿವಮಲ್ಲು. ಅವನ ಕಂಪ್ಯೂಟರು ಮೇ ತಿಂಗಳ ಸಿಡಿಲಿಗೆ ಸುಟ್ಟುಹೋಗಿತ್ತು. ಕ್ಯಾಮರಾದಿಂದ ಇಳಿದ ಮೂಲ ಫೋಟೋ ಇನ್ನೂ ಉಳಿದಿದ್ದರೆ ಅದು ಒಂದೇ ಜಾಗದಲ್ಲಿ, ನಾಗಲಕ್ಷ್ಮಿಯ ಹಗೇವಿನಲ್ಲಿ.

ಹಗೇವು ಎಂದರೆ ಗೊತ್ತಲ್ಲ. ಅಜ್ಜಂದಿರ ಕಾಲದಲ್ಲಿ ಮನೆಯ ಮುಂದೆ ನೆಲದೊಳಗೆ ತೋಡಿ, ರಾಗಿ ಸುರಿದು, ಮೇಲೆ ಚಪ್ಪಡಿ ಹಾಕಿ ಮಣ್ಣು ಮೆತ್ತುತ್ತಿದ್ದರಲ್ಲ, ಅದು. ಕಣ್ಣಿಗೆ ಕಾಣದು, ಹತ್ತು ವರ್ಷವಾದರೂ ಕೆಡದು. ಎರಡು ವರ್ಷದ ಹಿಂದೆ ಅಮೆರಿಕದ ಯಾವುದೋ ಕಂಪನಿ ಬಿಟ್ಟಿಯಾಗಿ ಇಂಟರ್‌ನೆಟ್ಟಿನಲ್ಲಿ ಜಾಗ ಕೊಡುತ್ತದೆಂದು ನಾಗಲಕ್ಷ್ಮಿ ಒಂದು ಖಾತೆ ತೆರೆದಳು. ಕಾಗದ ಪತ್ರ ಅದರೊಳಗೆ ಹಾಕಿದರೆ ಎಲ್ಲಿಗೆ ಹೋಗುತ್ತೆ, ಯಾರ ಮನೆಯಲ್ಲಿರುತ್ತೆ ಎಂದು ಜನ ಕೇಳಿದ್ದೇ ಕೇಳಿದ್ದು. ಅವಳು ಹೇಳಿ ಹೇಳಿ ಸೋತಾಗ ತೆರಕಣಾಂಬಿಯ ಚಿಕ್ಕಣ್ಣ, "ಅಗೇವು ಅನ್ನವ್ವ, ಅಷ್ಟಕ್ಕೆ ಯಾಕ ಇಷ್ಟು ಪುರಾಣ?" ಎಂದುಬಿಟ್ಟ. ಹೆಸರು ನಿಂತಿತು.

ಆಮೇಲೆ ಅದರೊಳಗೆ ಬೀಳದ್ದೇ ಇಲ್ಲ. ಮಕ್ಕಳ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಹೆಣ್ಣುಮಕ್ಕಳ ಜಾತಕ, ಹೊಲದ ನಕ್ಷೆ, ಬೇಕರಿಯವರ ಕೇಕಿನ ಫೋಟೋಗಳು, ಶಿವಮಲ್ಲುವಿನ ಮದುವೆ ಆಲ್ಬಮ್ಮುಗಳು. ಊರಿಗೆಲ್ಲ ಒಂದೇ ಖಾತೆ, ಒಂದೇ ಪಾಸ್‌ವರ್ಡು. ಅದೂ ಗೋಡೆಯ ಕ್ಯಾಲೆಂಡರಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು. ಪಕ್ಕದ ಮನೆಯವರ ರಾಗಿಗೆ ಕೈ ಹಾಕುವವರು ಯಾರು? ಹಾಗೆಂದು ನಂಬಿದ್ದರು. ಎರಡು ವರ್ಷ ಯಾರೂ ಕೈ ಹಾಕಲೂ ಇಲ್ಲ.

ಆಗಸ್ಟಿನಲ್ಲಿ ಯಾರೋ ಹಾಕಿದರು. ಪಾಸ್‌ವರ್ಡನ್ನೂ, ಜೊತೆಗಿದ್ದ ಮೇಲ್ ವಿಳಾಸವನ್ನೂ ಬದಲಾಯಿಸಿ ಚಪ್ಪಡಿ ಎಳೆದುಕೊಂಡರು. ನಾಗಲಕ್ಷ್ಮಿ ಕಂಪನಿಗೆ ಆರು ಮೇಲ್ ಬರೆದಳು. ಆರಕ್ಕೂ ಒಂದೇ ಉತ್ತರ: ನಿಮ್ಮಂಥ ಗ್ರಾಹಕರೇ ನಮ್ಮ ಭಾಗ್ಯ, ಧನ್ಯವಾದಗಳು. ಅದಕ್ಕಿಂತ ಹೆಚ್ಚಿನ ಭಾಗ್ಯವೆಂದರೆ, ಆಗಸ್ಟ್ ಮೂವತ್ತೊಂದರ ಮಧ್ಯರಾತ್ರಿಗೆ ಅಂಗಡಿ ಮುಚ್ಚುತ್ತೇವೆ, ನಿಮ್ಮ ವಸ್ತುಗಳನ್ನು ತೆಗೆದುಕೊಳ್ಳಿ ಎಂದು ಜೂನಿನಲ್ಲೇ ಅವರು ಕಳಿಸಿದ್ದ ನೋಟೀಸನ್ನು ಅವಳು ಲಾಟರಿ ಹೊಡೆದಿದೆ ಎನ್ನುವ ಮೇಲ್‌ಗಳ ಜೊತೆ ಗುಡಿಸಿ ಹಾಕಿದ್ದಳು.

ಇವತ್ತು ಸೆಪ್ಟೆಂಬರ್ ಒಂದು, ಸೋಮವಾರ. ಗಡಿಯಾರದಲ್ಲಿ ಹತ್ತೂ ಮುಕ್ಕಾಲು.

"ಮುಚ್ತೀವಿ ಅಂದೋರು ಇನ್ನೂ ಯಾಕ ಮುಚ್ಚಿಲ್ಲ?" ಎಂದರು ಶಾಂತಮಲ್ಲಪ್ಪ. "ರಾತ್ರಿ ಅನ್ನೆಲ್ಡಕ್ಕೇ ಓಗ್ಬೇಕಿತ್ತಲ್ಲ."

"ಪುಣ್ಯಕ್ಕೆ ಮರ್ತವ್ರೆ ಅನ್ಕತೀನಿ ಮಾವ."

ಆ ಹೊತ್ತಿಗೆ ಮೂಲೆಯ ಕ್ಯಾಬಿನ್ನಿನಲ್ಲಿ ಬೇಕರಿಯ ಮಲಯಾಳಿ ಹೆಂಗಸು ದುಬೈಯಲ್ಲಿರುವ ಗಂಡನ ಜೊತೆ ನೆಟ್ ಫೋನಿನಲ್ಲಿ ಜೋರಾಗಿ ಮಾತಾಡುತ್ತಿದ್ದಳು. ಅಲ್ಲಿನ್ನೂ ಒಂಬತ್ತೇ ಗಂಟೆಯಾ, ಇಲ್ಲಿ ಹನ್ನೊಂದಾಗ್ತಾ ಬಂತು, ತಿಂಡಿ ತಿಂದ್ರಾ ಎಂದು ಅವಳ ವಿಚಾರಣೆ.

ಶಾಂತಮಲ್ಲಪ್ಪನವರ ಕೈಯಲ್ಲಿದ್ದ ನಶ್ಯದ ಡಬ್ಬಿ ಅರ್ಧಕ್ಕೇ ನಿಂತಿತು.

"ನಾಗಮ್ಮಿ, ಈ ಕಂಪನಿಯೋರ ಊರಲ್ಲಿ ಈಗ ಎಷ್ಟು ಗಂಟೆ?"

ನಾಗಲಕ್ಷ್ಮಿ ಏನೋ ಟೈಪು ಮಾಡಿದಳು. ಪರದೆ ತೆರೆದುಕೊಳ್ಳಲು ಒಂದು ನಿಮಿಷ ಹಿಡಿಯಿತು. "ಅಲ್ಲಿನ್ನೂ ನಿನ್ನೆ ರಾತ್ರಿ ಅತ್ತೂ ಕಾಲು ಮಾವ! ನಮ್ಗಿಂತ ಅನ್ನೆಲ್ಡೂವರೆ ಗಂಟೆ ಇಂದೆ."

"ಅಂದ್ರೆ ಅವ್ರ ಮಧ್ಯರಾತ್ರಿ ಅಂದ್ರೆ..."

"ನಮ್ಗೆ ಮದ್ಯಾನ ಅನ್ನೆಲ್ಡೂವರೆ. ಇವತ್ತೇ." ಅವಳು ಗಡಿಯಾರದ ಕಡೆ ತಿರುಗಿದಳು. "ಇನ್ನೆಲ್ಡು ಗಂಟೇನೂ ಇಲ್ಲ."

ಶಾಂತಮಲ್ಲಪ್ಪನವರ ತಲೆ ಆಗಲೇ ಇನ್ನೊಂದು ಕಡೆ ಓಡಿತ್ತು. ಪಾಸ್‌ವರ್ಡ್ ಬದಲಾದ ದಿನ ಕಂಪನಿಯಿಂದ ಬಂದ ಮೇಲ್‌ನಲ್ಲಿ, ಆಗಸ್ಟ್ ಹನ್ನೊಂದು, ರಾತ್ರಿ ಹತ್ತು ಐವತ್ತು ಎಂದಿತ್ತು. ಅದನ್ನು ನಂಬಿಕೊಂಡು ಎರಡು ವಾರದಿಂದ ಇಬ್ಬರೂ, ಅಷ್ಟು ಹೊತ್ತಿನಲ್ಲಿ ಸೆಂಟರಿನ ಬೀಗ ತೆಗೆದವರು ಯಾರು, ಕೀಲಿ ಯಾರ ಕೈಗೆ ಸಿಕ್ಕಿತು ಎಂದು ಊರೆಲ್ಲ ಅನುಮಾನಿಸಿದ್ದರು. ನಾಗಲಕ್ಷ್ಮಿಯ ಮೈದುನನನ್ನೂ ಬಿಟ್ಟಿರಲಿಲ್ಲ.

"ಅದೂ ಅವ್ರ ಟೈಮೇ ಕಣಮ್ಮಿ. ಅದ್ಕೆ ಅನ್ನೆಲ್ಡೂವರೆ ಸೇರ್ಸು."

"ಅನ್ನೆಲ್ಡನೇ ತಾರೀಕು, ಬೆಳಗ್ಗೆ ಅನ್ನೊಂದು ಇಪ್ಪತ್ತು," ಎಂದ ನಾಗಲಕ್ಷ್ಮಿ ರಿಜಿಸ್ಟರಿಗೆ ಕೈ ಹಾಕಿದಳು. ಸೈಬರ್ ಸೆಂಟರಿಗೆ ಬಂದವರೆಲ್ಲ ಹೆಸರು, ಊರು, ಬಂದ ಹೊತ್ತು, ಹೋದ ಹೊತ್ತು ಬರೆದು ಸಹಿ ಹಾಕಬೇಕೆಂದು ಪೊಲೀಸರ ಕಟ್ಟಪ್ಪಣೆ. ಆ ಹೊತ್ತಿಗೆ ಒಳಗಿದ್ದವರು ಇಬ್ಬರೇ. ಒಬ್ಬಳು ಇದೇ ಬೇಕರಿಯ ಹೆಂಗಸು.

ಇನ್ನೊಂದು ಸಹಿ ನೋಡಿದ ಕೂಡಲೇ ಶಾಂತಮಲ್ಲಪ್ಪ ಎದ್ದು ನಿಂತರು. ಆ ಸಹಿಯ ಬಾಲವನ್ನು ಅವರು ಹರದನಹಳ್ಳಿಯ ತಮ್ಮ ಮನೆಯ ಗೋಡೆಯ ಪಟದ ಮೂಲೆಯಲ್ಲಿ ಇಪ್ಪತ್ನಾಲ್ಕು ವರ್ಷದಿಂದ ನೋಡುತ್ತಿದ್ದರು.

"ಶಿವಮಲ್ಲಣ್ಣ?" ಎಂದಳು ನಾಗಲಕ್ಷ್ಮಿ. "ಅವ್ರೇ ಅದ್ರೊಳ್ಗೆ ಜಾಸ್ತಿ ಮಡ್ಗಿದೋರು! ಸ್ವಂತ ಮಾಲನ್ನ ಯಾರಾರ ಊತಾಕ್ತಾರ?"

"ನೀನು ಇಲ್ಲೇ ಇರು. ಕರೆಂಟ್ ಓಗ್ದಂಗೆ ನಿಮ್ಮನೆ ದೇವ್ರಿಗೆ ಅರಕೆ ಒತ್ಕೊ. ಬೇಕರಿ ತಾವ ಶಾಂತಮಲ್ಲಮ್ಮ ಕುಂತದೆ, ಆಯಮ್ಮನ್ ತಾವ ಏನೂ ಬಾಯ್ಬುಡ್ಬ್ಯಾಡ."

ಬೀದಿಯಲ್ಲಿ ತಳ್ಳುಗಾಡಿಗಳ ಮೇಲೆ ಮಣ್ಣಿನ ಗಣೇಶಗಳು ಬಂದು ಕೂತಿದ್ದವು. ಚೆಂಡುಹೂವಿನ ಮೂಟೆ ಹೊತ್ತ ಲಾರಿಯೊಂದು ಊಟಿ ರಸ್ತೆಗೆ ತಿರುಗಲಾರದೆ ಹಾರನ್ ಹೊಡೆಯುತ್ತಿತ್ತು. ಶಾಂತಮಲ್ಲಪ್ಪ ಚೌಕಟ್ಟನ್ನು ಎದೆಗೊತ್ತಿಕೊಂಡು ಅದರ ಪಕ್ಕ ನುಸುಳಿದರು.

ಗೌರಿ ಸ್ಟುಡಿಯೋ ಹಾಗೇ ಇತ್ತು. ಕನ್ನಡಿಯ ಪಕ್ಕ ದಾರ ಕಟ್ಟಿದ ಬಾಚಣಿಗೆ, ಪೌಡರ್ ಡಬ್ಬಿ. ಮೊಳೆಗೆ ನೇತುಹಾಕಿದ ಕಪ್ಪು ಕೋಟು. ತಾಲೂಕಿನ ಅರ್ಧ ಗಂಡುಗಳು ಹೆಣ್ಣು ನೋಡುವ ಮುಂಚೆ ಆ ಒಂದೇ ಕೋಟಿನಲ್ಲಿ ಫೋಟೋ ತೆಗೆಸಿಕೊಂಡು, ಹೆಣ್ಣಿನ ಕಡೆಯವರ ಮುಂದೆ ಆಫೀಸರುಗಳಾಗಿದ್ದರು. ಹಿಂದಿನ ಪರದೆಯ ಮೇಲೆ ಕೊಳ, ಮೆಟ್ಟಿಲು, ಎರಡು ಹಂಸ. ಹಂಸಗಳ ಬಣ್ಣ ಹೋಗಿ ಅವೀಗ ಕೊಕ್ಕರೆಗಳಾಗಿದ್ದವು. ಡಾರ್ಕ್‌ರೂಮಿನಿಂದ ಫೋಟೋ ತೊಳೆಯುವ ಹೈಪೋದ ಆ ಹಳೆಯ ವಾಸನೆ ಇನ್ನೂ ಬರುತ್ತಿತ್ತು. ಫೋಟೋ ಎಂದರೆ ಒಂದು ವಾರ ಕಾಯಬೇಕಾಗಿದ್ದ ಕಾಲದ ವಾಸನೆ ಅದು. ಶಾಂತಮಲ್ಲಪ್ಪನವರಿಗೆ ಒಂದು ಗಳಿಗೆ ಬಂದ ಕೆಲಸವೇ ಮರೆತುಹೋಯಿತು.

"ಬಾ ಶಾಂತಣ್ಣ," ಎಂದ ಶಿವಮಲ್ಲು, ಕುರ್ಚಿ ಒರೆಸುತ್ತ. "ಏನು, ಗಾಜು ಒಡೀತಾ? ಕಟ್ಟು ಆಕ್ಕೊಡ್ಲಾ?"

ಶಾಂತಮಲ್ಲಪ್ಪ ಕೂರಲಿಲ್ಲ. ಟವೆಲು ಬಿಚ್ಚಿ ಚೌಕಟ್ಟನ್ನು ಮೇಜಿನ ಮೇಲಿಟ್ಟರು. ಅವರ ಹೆಂಡತಿ ಚಿಕ್ಕಮಲ್ಲಮ್ಮ. ಹಣೆಗೆ ವಿಭೂತಿ, ಬಾಯಿಯ ಎಡತುದಿಯಲ್ಲಿ ಮಚ್ಚೆ, ಕತ್ತಿನವರೆಗೆ ಹೊದ್ದ ಸೆರಗು, ನೇರ ನೋಟ. ಪಕ್ಕದಲ್ಲಿ ಮರಿಮಲ್ಲಪ್ಪನ ಫೋಟೋ ಇಟ್ಟರು. ಶಾಂತಮಲ್ಲಮ್ಮ ವಕೀಲರಿಂದ ತಂದುಕೊಟ್ಟ ದೊಡ್ಡ ಪ್ರಿಂಟು.

"ಎಂಬತ್ನಾಕರಲ್ಲಿ ಅವಳು ತೀರ್ಕಂಡಾಗ ನಮ್ಮನೇಲಿ ಅವಳ್ದೊಂದು ಫೋಟೋ ಇರ್ಲಿಲ್ಲ," ಎಂದರು. "ಫೋಟೋ ತೆಗುದ್ರೆ ಆಯಸ್ಸು ಕಮ್ಮಿ ಆಯ್ತದೆ ಅಂತ ನಮ್ಮವ್ವ ಬುಟ್ಟಿರ್ಲಿಲ್ಲ. ಅದಿನಾರು ವರ್ಷ ಬಾಳಾಟ, ಒಂದು ಪಟ ಇಲ್ಲ. ನೀನು ಬಂದು, ಕೂರ್ಸಿದ್ದ ಎಣದ್ ಫೋಟೋ ತೆಗ್ದೆ. ಕಣ್ಣು ತೆಗಸ್ಕೊಟ್ಟೆ."

ಈ ಸೀಮೆಯಲ್ಲಿ ಅದು ಹೊಸದಲ್ಲ. ಸತ್ತವರನ್ನು ಮಲಗಿಸದೆ ಕೂರಿಸಿ, ವಿಭೂತಿ ಇಟ್ಟು ಹಾರ ಹಾಕುವ ಜನ. ಬದುಕಿದ್ದಾಗ ಫೋಟೋ ತೆಗೆಸಲು ಪುರುಸೊತ್ತಿಲ್ಲದವರಿಗೆ ಅದೇ ಮೊದಲ ಫೋಟೋ, ಅದೇ ಕಡೆಯದು. ಸ್ಟುಡಿಯೋದವನು ಬೇರೆ ಫೋಟೋದಿಂದ ಕಣ್ಣು ಕತ್ತರಿಸಿ ಅಂಟಿಸಿ, ಹಾರ ಅಳಿಸಿ, ಮತ್ತೊಮ್ಮೆ ಫೋಟೋ ತೆಗೆದು ಕೊಡುತ್ತಿದ್ದ. ಅದಕ್ಕೆ ಕಣ್ಣು ತೆರೆಸುವುದು ಎಂದು ಹೆಸರು. ಶಿವಮಲ್ಲುವಿನಷ್ಟು ಚೆನ್ನಾಗಿ ಕಣ್ಣು ತೆರೆಸುವವರು ಮೈಸೂರಿನಲ್ಲೂ ಇರಲಿಲ್ಲ.

"ನಿನ್ನೆ ಸಂಜೆ ಇದ ಅವಳ ಪಟದ ಕೆಳಗೆ ಮಡ್ಗಿದ್ದೆ," ಎಂದು ಮರಿಮಲ್ಲಪ್ಪನ ಫೋಟೋ ತೋರಿಸಿದರು. "ದೀಪ ಅಚ್ಚಾಕ್ ಓದೋನು ನಿಂತ್ಬುಟ್ಟೆ. ಎಡಗಣ್ಣ ನೋಡು."

ಶಿವಮಲ್ಲು ನೋಡಲಿಲ್ಲ. ಅವನಿಗೆ ನೋಡುವ ಅಗತ್ಯವಿರಲಿಲ್ಲ.

ಚಿಕ್ಕಮಲ್ಲಮ್ಮನ ಎಡಗಣ್ಣಿನ ಕಪ್ಪಿನಲ್ಲಿ ಒಂದು ಚಿಕ್ಕ ಬೆಳಕಿನ ಚೌಕ. ಅದರೊಳಗೆ ಮೂರು ಗೆರೆ. ಮೂರು ಸರಳಿನ ಕಿಟಕಿಯೊಂದು ಕಣ್ಣಿನಲ್ಲಿ ಮೂಡಿದ್ದು. ಮರಿಮಲ್ಲಪ್ಪನ ಎಡಗಣ್ಣಿನಲ್ಲೂ ಅದೇ ಚೌಕ, ಅದೇ ಮೂರು ಗೆರೆ.

"ಭೀಮನಬೀಡಿನ ಆ ಪಡಸಾಲೆಗೆ ಕಿಟಕಿಯೇ ಇಲ್ಲ. ನಾನೇ ಓದ್ವಾರ ಓಗಿ ನೋಡ್ಬಂದಿವ್ನಿ. ಈ ಕಿಟಕಿ ಎಲ್ಲದೆ ಶಿವಮಲ್ಲು?"

ಶಿವಮಲ್ಲು ಮೆಲ್ಲಗೆ ಪೂರ್ವದ ಗೋಡೆಯ ಕಡೆ ಕೈ ತೋರಿಸಿದ. ಅಲ್ಲಿ ಸುಣ್ಣದ ಕೆಳಗೆ ಒಂದು ಚೌಕದ ಗುರುತು ಉಬ್ಬಿಕೊಂಡಿತ್ತು. "ತೊಂಬತ್ಮೂರ್ರಲ್ಲಿ ಪಕ್ಕದೋರು ಲಾಡ್ಜ್ ಕಟ್ದಾಗ ಮುಚ್ಬುಟ್ಟೆ."

"ಅದಿನೈದು ವರ್ಷದ ಇಂದೆ ಮುಚ್ಚಿದ ಕಿಟಕಿ, ಈ ಮಾರ್ಚಿನಲ್ಲಿ ಬದುಕಿದ್ದ ಮನುಷ್ಯನ ಕಣ್ಣಲ್ಲಿ ಎಂಗ್ಲಾ ಬಂತು?"

ಬೀದಿಯ ಲಾರಿ ಕಡೆಗೂ ತಿರುಗಿಕೊಂಡು ಹೋಯಿತು. ಶಿವಮಲ್ಲು ಕುರ್ಚಿಯ ಮೇಲೆ ಕುಸಿದು ಕೂತ.

"ಮರಿಮಲ್ಲಪ್ಪಂದು ಎಣದ್ ಫೋಟೋನೇ ಕಣಣ್ಣ. ಬಸವಪ್ರಸಾದ್ ಬೆಳಗಾಗ ಜೀಪ್ ಕಳ್ಸಿದ್ದ. ಗೋಡೆಗೆ ಆಕ್ಕಬೇಕು, ಕಣ್ಣು ತೆಗ್ಸಿ, ಆರ ಅಳ್ಸು ಅಂದ. ಎಲ್ರೂ ಅಂಗೇ ಅಂತಾರೆ. ಕೈಲಿ ಕಾಗ್ದ ಯಾಕಿಡ್ದಿದ್ದ ಅಂತ ನಾ ಕೇಳ್ಲಿಲ್ಲ. ಕೋರ್ಟ್‌ಗೆ ಓಗದೆ ಅಂತ ಗೊತ್ತಾಗಿದ್ದು ಆಗಸ್ಟ್ನಲ್ಲಿ."

"ಗೊತ್ತಾದ್ಮೇಲೆ ಬಂದು ಏಳಬೇಕಾಗಿತ್ತು. ಅದ ಬುಟ್ಟು ಅಗೇವಿಗೆ ಬೀಗ ಆಕ್ದೆ."

"ಏನ ಅಂತ ಏಳಲಿ?" ಶಿವಮಲ್ಲು ತಲೆಯೆತ್ತಿದ. ಕಣ್ಣು ತುಂಬಿತ್ತು. "ಈ ತಾಲೂಕಲ್ಲಿ ನಾನು ಕಣ್ಣು ತೆಗ್ಸಿರೋರು ಮುನ್ನೂರರ ಮೇಲವ್ರೆ ಶಾಂತಣ್ಣ. ಎಲ್ರಿಗೂ ಇದೇ ಒಂದ್ ಜೊತೆ ಕಣ್ಣು. ಮೊಮ್ಮಕ್ಳು, ಮರಿಮಕ್ಳು ದಿನಾ ನೋಡ್ಕಂಡು ಕೈ ಮುಗೀತಾರೆ. ನಮ್ಮಜ್ಜಿ ಎಂಗೆ ನೋಡ್ತದೆ ನೋಡು ಅಂತಾರೆ. ಗುರುವಾರ ಕೋರ್ಟಲ್ಲಿ ಈ ಮಾತು ಎದ್ರೆ, ಒಂದೊಂದು ಮನೆಯೋರೂ ಗೋಡೆ ನೋಡ್ಕತಾರೆ. ಇದು ಬದುಕಿದ್ದಾಗಿಂದಾ, ಸತ್ಮ್ಯಾಕಾ ಅಂತ. ಮುನ್ನೂರು ಜನಾನ ಇನ್ನೊಂದು ಸಲ ಸಾಯಸ್ಲಾ? ನಾನು ಏನೂ ಅಳಸ್ಲಿಲ್ಲ, ನನ್ ಕೈಲಿ ಆಗ್ಲಿಲ್ಲ. ಕಂಪನಿ ಮುಚ್ತದೆ ಅಂತ ನನ್ಗೂ ಗೊತ್ತಿತ್ತು. ಅದ್ರ ಪಾಡಿಗೆ ಓಗ್ಲಿ ಅಂತ ಬುಟ್ಬುಟ್ಟೆ."

ಹೇಳಿಕೆ ಬರೆದುಕೊಳ್ಳುವ ಕೆಲಸದಲ್ಲಿ ಸುಳ್ಳು ಅಳುವನ್ನೂ ನಿಜದ ಅಳುವನ್ನೂ ಶಾಂತಮಲ್ಲಪ್ಪ ಸಾಕಷ್ಟು ಕಂಡಿದ್ದರು. ಇದು ನಿಜದ್ದು. ಆದರೂ ಅವರ ಸಿಟ್ಟು ಇಳಿಯಲಿಲ್ಲ. ಆ ಸಿಟ್ಟು ಮರಿಮಲ್ಲಪ್ಪನ ಮನೆಗಾಗಿ ಮಾತ್ರ ಬಂದದ್ದೂ ಅಲ್ಲ.

"ಸತ್ತೋರ್ ಮರ್ಯಾದೆಗೆ ಬದುಕಿರೋಳ ಬೀದಿಗ್ ಆಕ್ತೀಯಾ?" ಎಂದರು. ಆಮೇಲೆ ದನಿ ಒಡೆಯಿತು. "ಅದ್ಕೂ ಮುಂಚೆ ಒಂದು ಏಳು. ಇಬ್ರ ಕಣ್ಣೂ ಒಂದೇ. ಅಂದ್ರೆ ಇದು ಅವಳ ಕಣ್ಣಲ್ಲ, ಅವಳ್ನ ನೆನಸ್ಕಂಡು ನೀನು ಕೈಲಿ ಬರ್ದಿದ್ದೂ ಅಲ್ಲ. ಬೆಳಗ್ಗೆ ಎದ್ದು ಓಗ್ಬತ್ತೀನಿ ಕಣಮ್ಮಿ ಅಂತೀನಿ, ಸಂಜೆ ಬಂದು ಪಿಂಚಣಿ ಬಂತು ಅಂತೀನಿ. ಇಪ್ಪತ್ನಾಕು ವರ್ಷ ನಾನು ಯಾರ ಕಣ್ಣ ನೋಡ್ಕಂಡು ಮಾತಾಡ್ದೆ ಶಿವಮಲ್ಲು?"

ಶಿವಮಲ್ಲು ಕನ್ನಡಿಯ ಪಕ್ಕದ ಬಾಚಣಿಗೆಯ ದಾರವನ್ನು ಬೆರಳಿಗೆ ಸುತ್ತಿಕೊಂಡ.

"ಅದೊಂದ ಕೇಳ್ಬ್ಯಾಡ."

"ಸರಿ, ಬುಡು. ಪಾಸ್‌ವರ್ಡ್ ಕೊಡು. ಅನ್ನೆಲ್ಡೂವರೆಗೆ ಎಲ್ಲ ಓಯ್ತದೆ."

"ಅನ್ನೆಲ್ಡೂವರೆ?" ಶಿವಮಲ್ಲು ಬೆಚ್ಚಿ ಗೋಡೆಯ ಗಡಿಯಾರ ನೋಡಿದ. ಹನ್ನೊಂದೂ ಐವತ್ತು. "ನಾನು ರಾತ್ರೀನೇ ಓಗದೆ ಅನ್ಕಂಡಿದ್ದೆ." ಬೆಳಗಿನಿಂದ ಅವನು ಸೂತಕದ ಮನೆಯವನ ಹಾಗೆ ಕೂತಿದ್ದುದು ಅದಕ್ಕೇ ಎಂದು ಶಾಂತಮಲ್ಲಪ್ಪನವರಿಗೆ ಈಗ ತಿಳಿಯಿತು. ನಲವತ್ತು ವರ್ಷದ ಕೈಕೆಲಸ ಅದರೊಳಗಿತ್ತು. ಹಳೆಯ ನೆಗೆಟಿವ್‌ಗಳನ್ನೆಲ್ಲ ಸ್ಕ್ಯಾನ್ ಮಾಡಿ, ಒಂದೊಂದಕ್ಕೆ ಅರ್ಧರ್ಧ ಗಂಟೆ ಕಾದು ಹಾಕಿದ್ದ. ಮಣ್ಣು ಮಾಡಿ ಬಂದವನಿಗೆ ಹೆಣ ಇನ್ನೂ ಉಸಿರಾಡುತ್ತಿದೆ ಎಂದರೆ ಹೇಗಾದೀತು?

"ಶಾಂತಮಲ್ಲಮ್ಮ ಬೇಕರಿ ಕಟ್ಟೆ ಮ್ಯಾಲೆ ಕುಂತದೆ," ಎಂದರು ಶಾಂತಮಲ್ಲಪ್ಪ. "ಗುರುವಾರ ಸೋತ್ರೆ ಮನೆ ಕೀಲಿ ಕೊಟ್ಟು ಈಚೆಗೆ ಬರ್ಬೇಕು. ಅದ್ರ ಮದುವೆ ಫೋಟೋನೂ ನೀನೇ ತೆಗ್ದಿದ್ದು."

ಶಿವಮಲ್ಲು ಚಿಕ್ಕಮಲ್ಲಮ್ಮನ ಪಟವನ್ನು ತನ್ನ ಕಡೆಗೆ ತಿರುಗಿಸಿಕೊಂಡ.

"ಸ್ಟುಡಿಯೋ ಎಸ್ರು, ಇಂಗ್ಲಿಷ್ನಲ್ಲಿ. ಆಮ್ಯಾಕೆ ಒಂದು ನಂಬರು. ಈ ಪಟದ ಇಂದ್ಗಡೆ ಎಲ್ಡು ನಂಬರ್ ಬರ್ದಿವ್ನಿ. ಮ್ಯಾಲಿಂದು ಪಟದ್ದು, ಕೆಳಗಿಂದು ಕಣ್ಣಿಂದು. ಆ ಕೆಳಗಿಂದ್ನ ಒಡಿ."

"ಯಾಕ ಅದೇ ನಂಬರು?"

"ನನ್ಗೆ ಮರೆಯಕಾಗ್ದೇ ಇರೋ ನಂಬರು ಅದೊಂದೇ." ಶಾಂತಮಲ್ಲಪ್ಪ ಚೌಕಟ್ಟು ಎತ್ತಿಕೊಂಡು ಬಾಗಿಲಿಗೆ ಬಂದಾಗ ಹಿಂದಿನಿಂದ ಕೂಗಿದ: "ಶಾಂತಣ್ಣ, ನಿನ್ ಕಾಲ್ಗೆ ಬೀಳ್ತೀನಿ. ಭೀಮನಬೀಡಿನ ಫೋಟೋವ ತಕ್ಕೊ. ಆ ನಂಬರಿನ ಫೋಟೋ 'ಕಣ್ಣು' ಅನ್ನೋ ಫೋಲ್ಡರಲ್ಲದೆ. ಅದ ಮಾತ್ರ ತೆಗೀಬ್ಯಾಡ. ಅದು ಮುಚ್ಕಂಡೇ ಓಗ್ಲಿ."

ಸೆಂಟರಿಗೆ ಬಂದು ಚೌಕಟ್ಟಿನ ಹಿಂದಿನ ರಟ್ಟು ಕಳಚಲು ಮೊಳೆಗಳ ಜೊತೆ ಕುಸ್ತಿಯಾಯಿತು. ಒಳಗೆ, ಫೋಟೋದ ಬೆನ್ನಿಗೆ, ಮಾಸಿದ ಪೆನ್ಸಿಲಿನಲ್ಲಿ ಮೇಲೆ ೧೧೨೬, ಕೆಳಗೆ ೪೧೭.

ನಾಗಲಕ್ಷ್ಮಿ ಟೈಪು ಮಾಡಿ ಕಣ್ಣು ಮುಚ್ಚಿಕೊಂಡು ಒತ್ತಿದಳು. ಹಗೇವು ತೆರೆಯಿತು.

ಹನ್ನೆರಡೂ ಎಂಟು.

ಹಳದಿ ಫೋಲ್ಡರುಗಳು ಒಂದರ ಕೆಳಗೊಂದು ಇಳಿದವು. ಯಾರದೋ ಮಾರ್ಕ್ಸ್ ಕಾರ್ಡು, ಯಾರದೋ ಜಾತಕ, ಚಿಕ್ಕಣ್ಣನ ಬೋರ್‌ವೆಲ್ ರಸೀತಿ. ಅವನ್ನು ಕಂಡ ನಾಗಲಕ್ಷ್ಮಿಗೆ ಊರಿನವರೆಲ್ಲ ಒಟ್ಟಿಗೆ ನಿಂತು ಕೈ ಬೀಸಿದ ಹಾಗಾಯಿತು. ಇಷ್ಟನ್ನೂ ಇಳಿಸಿಕೊಳ್ಳಲು ಎರಡು ದಿನ ಬೇಕು. ಇದ್ದದ್ದು ಇಪ್ಪತ್ತೆರಡು ನಿಮಿಷ.

ಶಿವಮಲ್ಲುವಿನ ಫೋಲ್ಡರಿನೊಳಗೆ ಎರಡು ಹೆಸರು ಕಂಡವು. ಒಂದು, ಮಾರ್ಚ್, ಭೀಮನಬೀಡು. ಇನ್ನೊಂದು, ಕಣ್ಣು.

"ಒಂದೊಂದೂ ಅದಿನೈದು ನಿಮಿಷ ಆದ್ರೂ ಇಡೀತದೆ ಮಾವ. ಎಲ್ಡಕ್ಕೂ ಒತ್ತಿಲ್ಲ. ಯಾವ್ದು?"

ಶಾಂತಮಲ್ಲಪ್ಪ ಎರಡನೆಯ ಹೆಸರಿನ ಮೇಲಿಂದ ಕಣ್ಣು ಕೀಳಲಾರದೆ ಹೋದರು. ಇಪ್ಪತ್ನಾಲ್ಕು ವರ್ಷದ ಪ್ರಶ್ನೆಗೆ ಉತ್ತರ ಅಲ್ಲಿತ್ತು, ಒಂದು ಬೆರಳೊತ್ತಿನ ದೂರದಲ್ಲಿ. ಕಿಟಕಿಯಾಚೆ ಬೇಕರಿಯ ಕಟ್ಟೆಯ ಮೇಲೆ ಶಾಂತಮಲ್ಲಮ್ಮ ಮಡಿಲಲ್ಲಿ ಊಟದ ಡಬ್ಬಿ ಇಟ್ಟುಕೊಂಡು ಕೂತಿದ್ದಳು. ಡಬ್ಬಿಯನ್ನು ಇನ್ನೂ ತೆರೆದಿರಲಿಲ್ಲ.

"ಭೀಮನಬೀಡಿಂದು," ಎಂದರು.

ಪರದೆಯ ಹಸಿರು ಪಟ್ಟಿ ಬಸುರಿ ಎಮ್ಮೆಯ ಹಾಗೆ ನಡೆಯಿತು. ಹತ್ತರಲ್ಲಿ ಮೂರು ಪಾಲು. ಅರ್ಧ. ಒಮ್ಮೆ ದೀಪ ಮಿನುಗಿ, ಯುಪಿಎಸ್ಸು ಕಿರುಚಿ, ಇಬ್ಬರ ಜೀವವೂ ಬಾಯಿಗೆ ಬಂತು. ಹನ್ನೆರಡೂ ಇಪ್ಪತ್ನಾಲ್ಕಕ್ಕೆ ಪಟ್ಟಿ ತುಂಬಿತು.

ಮರಿಮಲ್ಲಪ್ಪ ತೆರೆದುಕೊಂಡರು. ಕತ್ತಿನಲ್ಲಿ ಹಾರ. ಗಲ್ಲಕ್ಕೆ ಕಟ್ಟಿದ ಬಿಳಿ ಬಟ್ಟೆ. ಗಟ್ಟಿಯಾಗಿ ಮುಚ್ಚಿದ ಕಣ್ಣು. ತೊಡೆಯ ಮೇಲೆ ಆ ಅರ್ಧ ಬೆರಳಿನ ಕೈ. ಪಕ್ಕದಲ್ಲಿ ಕಾಗದ ಹಿಡಿದ ಬಸವಪ್ರಸಾದ್. ಉಯಿಲಿಗೆ ಹೆಬ್ಬೆಟ್ಟು ಒತ್ತಿದ ಗಳಿಗೆ ಎಂದಿದ್ದನಲ್ಲ, ಆ ಗಳಿಗೆಯಲ್ಲಿ ದೊಡ್ಡಪ್ಪ ಬದುಕೇ ಇರಲಿಲ್ಲ.

"ಗೆದ್ವಿ ಮಾವ!" ನಾಗಲಕ್ಷ್ಮಿ ಅಳುತ್ತ ನಕ್ಕಳು. ಪ್ರಿಂಟರು ಕೆಲಸ ಶುರು ಮಾಡಿತು. ಅವಳು ಗಡಿಯಾರ ನೋಡಿದಳು, ಆಮೇಲೆ ಅವರ ಮುಖ ನೋಡಿದಳು. "ಇನ್ನೂ ಆರು ನಿಮಿಷ ಅದೆ. ಇಳ್ಸಕ್ಕೆ ಆಗಲ್ಲ. ಆದ್ರೆ ತೆಗುದ್ ನೋಡ್ಬೋದು. ಎಷ್ಟು ಬತ್ತದೋ ಅಷ್ಟು."

ತೆಗೀಬ್ಯಾಡ ಎಂದ ಶಿವಮಲ್ಲುವಿನ ದನಿ ಕಿವಿಯಲ್ಲಿತ್ತು. ಶಾಂತಮಲ್ಲಪ್ಪ ತಲೆಯಾಡಿಸಿದರು. "ತೆಗಿ."

೪೧೭ ಮೇಲಿನಿಂದ ಕೆಳಕ್ಕೆ, ಗೆರೆಗೆರೆಯಾಗಿ ಇಳಿಯತೊಡಗಿತು. ಮೊದಲು ಕೊಳ, ಮೆಟ್ಟಿಲು, ಎರಡು ಹಂಸ. ಆಗಿನ್ನೂ ಹಂಸಗಳು ಹಂಸಗಳಾಗಿಯೇ ಇದ್ದವು. ಆಮೇಲೆ ಎಣ್ಣೆ ಹಚ್ಚಿ ಬಾಚಿದ ಕೂದಲು, ಮುಡಿದ ಹೂವು. ಹಣೆ. ಹುಬ್ಬು.

ಕಣ್ಣು ಬಂತು. ಎಡಗಣ್ಣಿನಲ್ಲಿ ಮೂರು ಸರಳಿನ ಕಿಟಕಿ.

ಮೂಗು ಬಂತು, ನಗುವ ಬಾಯಿ ಬಂತು, ಬಾಯಿಯ ಎಡತುದಿಯಲ್ಲಿ ಆ ಮಚ್ಚೆ ಬಂತು. ಶಾಂತಮಲ್ಲಪ್ಪ ಪರದೆಯ ಹತ್ತಿರಕ್ಕೆ ಬಾಗಿದರು. ಬೇರೆ ಯಾರದೂ ಅಲ್ಲ. ಚಿಕ್ಕಮಲ್ಲಮ್ಮನದು. ಅವಳ ಪಟದಲ್ಲಿದ್ದ ಕಣ್ಣು ಅವಳದೇ. ತಾಲೂಕಿನ ಮುನ್ನೂರು ಗೋಡೆಗಳಿಂದ ನೋಡುತ್ತಿದ್ದವಳು ಅವಳೇ. ಒಮ್ಮೆಯೂ ಕ್ಯಾಮರಾದ ಮುಂದೆ ಕೂರದವಳು ಎಂದು ಅವರು ನಂಬಿದ್ದ ಹೆಂಗಸು, ಮೂವತ್ತರ ಹರೆಯದಲ್ಲಿ, ಗೌರಿ ಸ್ಟುಡಿಯೋದ ಕುರ್ಚಿಯ ಮೇಲೆ ಕೂತು ಮನಸಾರೆ ನಗುತ್ತಿದ್ದಳು. ಹಾಗೆ ನಕ್ಕದ್ದನ್ನು ಅವರು ಮನೆಯಲ್ಲಿ ಎಷ್ಟು ಸಲ ಕಂಡಿದ್ದರು? ನೆನಪಾಗಲಿಲ್ಲ. ಸಂತೋಷಕ್ಕೆ ಅವರ ಕಣ್ಣಲ್ಲಿ ನೀರು ಬಂತು.

ಗೆರೆಗಳು ಇನ್ನೂ ಇಳಿಯುತ್ತಿದ್ದವು. ಕತ್ತು. ಹೆಗಲು. ಹೆಗಲ ಮೇಲೆ ಒಂದು ಕೈ.

ಗಂಡಸಿನ ಕೈ. ಕುರ್ಚಿಯ ಪಕ್ಕ ನಿಂತವನದು; ಕೈಯೊಂದನ್ನು ಬಿಟ್ಟು ಅವನು ಫೋಟೋದ ಅಂಚಿನ ಆಚೆಗಿದ್ದ. ಹೆಬ್ಬೆರಳು ಬಂತು. ಅದರ ಪಕ್ಕದ ತೋರುಬೆರಳು ಅರ್ಧಕ್ಕೇ ನಿಂತಿತ್ತು.

ಶಾಂತಮಲ್ಲಪ್ಪ ಕಾದರು, ಉಳಿದ ಬೆರಳೂ ಇಳಿಯಲಿ ಎಂದು. ಪರದೆ ಬಿಳಿಯಾಯಿತು. ಈ ಸೇವೆ ಈಗ ಲಭ್ಯವಿಲ್ಲ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು, ಅದರ ಕೆಳಗೆ ಧನ್ಯವಾದಗಳು. ಗಡಿಯಾರದಲ್ಲಿ ಹನ್ನೆರಡೂವರೆ.

ಪ್ರಿಂಟರು ಆಗಷ್ಟೇ ಉಗುಳಿದ ಹಾಳೆಯಲ್ಲಿ ಮರಿಮಲ್ಲಪ್ಪನ ಬಲಗೈ ತೊಡೆಯ ಮೇಲೆ ತಣ್ಣಗೆ ಬಿದ್ದಿತ್ತು. ಅರ್ಧ ತೋರುಬೆರಳು ಅವರ ಕಡೆಗೇ ಚಾಚಿತ್ತು.

ಬಾಗಿಲಲ್ಲಿ ನೆರಳು ಬಿತ್ತು. ಕಾದು ಕಾದು ಸಾಕಾಗಿ ಶಾಂತಮಲ್ಲಮ್ಮ ಡಬ್ಬಿ ಹಿಡಿದು ಒಳಗೆ ಬಂದಿದ್ದಳು. "ನಮ್ಮಪ್ಪಂದು ಸಿಕ್ತಾ ಸಾ?" ಎನ್ನುತ್ತ ಮೇಜಿನ ಹತ್ತಿರ ಬಂದವಳು ಪ್ರಿಂಟನ್ನು ನೋಡಲೇ ಇಲ್ಲ. ರಟ್ಟು ಕಳಚಿ ಅಂಗಾತ ಬಿದ್ದಿದ್ದ ಚೌಕಟ್ಟಿನ ಮೇಲೆ ಅವಳ ಕಣ್ಣು ನಿಂತಿತ್ತು.

"ಈಯಮ್ಮನ ಪಟ ನಮ್ಮಪ್ಪನ ಟ್ರಂಕಲ್ಲೂ ಅದೆ," ಎಂದಳು. "ಯಾರಪ್ಪ ಇದು ಅಂದ್ರೆ ಸಾಯಗಂಟ ಬಾಯಿ ಬುಡ್ಲಿಲ್ಲ. ಈಯಮ್ಮ ನಿಮ್ಗೆ ಏನಾಗ್ಬೇಕು ಸಾ?"